ಪ್ಯಾಟರ್ನ್ ಮ್ಯಾಚಿಂಗ್ ಕಂಪೈಲ್ ಮಾಡುವಾಗ ಯಾವ ಕಾಲಂ ಮೊದಲು ನೋಡಬೇಕು?

ತೋಟದಂಚು_ಶಿರಸಿ ಕೇಳಿದ್ದು:

ನಮಸ್ಕಾರ ಎಲ್ಲರಿಗೂ. ಬಿಡುವಾದಾಗಲೆಲ್ಲ ಕೂತು ಒಂದು ಸಣ್ಣ ಫಂಕ್ಷನಲ್ ಭಾಷೆ ಕಟ್ಟುತ್ತಿದ್ದೇನೆ. ಕಂಪೈಲರ್ ಬರೆಯುತ್ತಿರುವುದು ಒಕ್ಯಾಮಲ್‌ನಲ್ಲಿ, ಕೊನೆಗೆ ಅದು ಸಿ ಕೋಡ್ ಕೊಡುತ್ತದೆ. ಪಾರ್ಸರ್ ಮುಗಿಯಿತು, ಟೈಪ್ ಚೆಕಿಂಗ್ ಕೂಡ ಒಂದು ಹದಕ್ಕೆ ಬಂತು. ಪ್ಯಾಟರ್ನ್ ಮ್ಯಾಚಿಂಗ್, ಅಂದರೆ ಬಂದ ಬೆಲೆ ಯಾವ ನಮೂನೆಗೆ ಹೊಂದುತ್ತದೆ ಅಂತ ನೋಡಿ ಉತ್ತರ ಆರಿಸುವುದು, ಅದರ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ. ಮೂರು ವಾರ ಆಯಿತು, ಹೊರಗೆ ಮಳೆ, ದಿನಕ್ಕೆ ನಾಲ್ಕು ಸಲ ಕರೆಂಟು ಹೋಗುತ್ತದೆ, ಆಗೆಲ್ಲ ಕಾಗದದ ಮೇಲೆ ಬರೆದು ಬರೆದು ನೋಡಿದ್ದೇನೆ, ಬಿಡಿಸಲು ಆಗಿಲ್ಲ.

ಮನೆಯ ಅಡಿಕೆ ಲೆಕ್ಕಕ್ಕೆ ಇದೇ ಭಾಷೆಯಲ್ಲಿ ಬರೆದ ಒಂದು ತುಣುಕು ಕೊಡುತ್ತೇನೆ. ಒಂದು ಮೂಟೆಗೆ ಮೂರು ವಿಷಯ. ಬಗೆ ಅಂದರೆ ರಾಶಿ, ಚಾಲಿ, ಗೋಟು. ಬೆಟ್ಟೆ, ಕೋಕಾ ಎಲ್ಲ ಇದೆ, ಇಲ್ಲಿ ಉದ್ದ ಆಗುತ್ತದೆ ಅಂತ ಬಿಟ್ಟಿದ್ದೇನೆ. ತೇವ ಅಂದರೆ ಹಸಿ ಅಥವಾ ಒಣ. ಅಳತೆ ಅಂದರೆ ತುಂಬು ಅಥವಾ ಅರೆ, ಅರೆ ಆದರೆ ಒಳಗೆ ಎಷ್ಟು ಕಿಲೋ ಅನ್ನುವ ಸಂಖ್ಯೆಯೂ ಇರುತ್ತದೆ. _ ಅಂದರೆ ಅಲ್ಲಿ ಏನಿದ್ದರೂ ಸರಿ.

ಮ್ಯಾಚ್ (ಬಗೆ, ತೇವ, ಅಳತೆ)
1: (_, ಹಸಿ, _) → ಅಂಗಳಕ್ಕೆ
2: (ರಾಶಿ, ಒಣ, ತುಂಬು) → ಅಟ್ಟಕ್ಕೆ
3: (ಚಾಲಿ, ಒಣ, ತುಂಬು) → ಕೋಣೆಗೆ
4: (_, _, ಅರೆ(ಕಿಲೋ)) → ಕೂಡಿಸು(ಕಿಲೋ)
5: (ಗೋಟು, ಒಣ, ತುಂಬು) → ಬೇರೆ ಇಡು

ಮೊದಲು ನಾನು ಮಾಡಿದ್ದು ಸರಳ ದಾರಿ. ಸಾಲು ಸಾಲಾಗಿ ಇಫ್-ಎಲ್ಸ್. ಮೊದಲ ಸಾಲು ಹೊಂದುತ್ತದೋ ನೋಡು, ಇಲ್ಲವಾದರೆ ಎರಡನೆಯದು, ಹೀಗೆ. ಸರಿಯಾದ ಉತ್ತರವೇ ಬರುತ್ತದೆ. ಆದರೆ ಗೋಟು, ಒಣ, ತುಂಬು ಮೂಟೆ ಬಂದರೆ ಉತ್ತರ ಸಿಗುವಷ್ಟರಲ್ಲಿ 7 ಪರೀಕ್ಷೆ ಆಗಿರುತ್ತದೆ, ಅದರಲ್ಲಿ ಬಗೆ ಏನು ಅಂತಲೇ ಮೂರು ಸಲ ಕೇಳಿರುತ್ತದೆ.

ಆಮೇಲೆ ಡಿಸಿಷನ್ ಟ್ರೀ (ಒಂದೊಂದು ಪ್ರಶ್ನೆಗೂ ಕವಲೊಡೆದು ಉತ್ತರಕ್ಕೆ ಇಳಿಯುವ ಮರ) ಮಾಡೋಣ ಅಂತ ಎಡದಿಂದ ಶುರು ಮಾಡಿದೆ. ಮೊದಲು ಬಗೆ, ಅದರೊಳಗೆ ತೇವ, ಅದರೊಳಗೆ ಅಳತೆ. ಈಗ ಯಾವ ಮೂಟೆಗೂ 3ಕ್ಕಿಂತ ಜಾಸ್ತಿ ಪರೀಕ್ಷೆ ಇಲ್ಲ. ಆದರೆ ಸಿ ಫೈಲಿನಲ್ಲಿ 7 ಸ್ವಿಚ್ (ಬೆಲೆ ನೋಡಿ ಕವಲೊಡೆಯುವ ಕಡೆ) ಬಂದವು, ‘ಅಂಗಳಕ್ಕೆ’ ಅನ್ನುವ ಕೋಡ್ ಮೂರು ಕಡೆ ನಕಲಾಯಿತು, ‘ಕೂಡಿಸು’ ಕೂಡ ಮೂರು ಕಡೆ. ಕೆಂಪು-ಕಪ್ಪು ಮರಕ್ಕೆ (ಡೇಟಾ ಜೋಡಿಸಿಡುವ ಒಂದು ಬಗೆಯ ಮರ) ಇದನ್ನೇ ಹಾಕಿದೆ. ಅಲ್ಲಿ ನಾಲ್ಕು ಸಾಲು ಒಳಗೊಳಗೆ ಗೂಡು ಕಟ್ಟಿದಂಥವು, ಐದನೆಯದು ‘ಉಳಿದದ್ದೆಲ್ಲ’. ಆ ಐದನೇ ಸಾಲು ಎಷ್ಟು ಕಡೆ ನಕಲಾಯಿತು ಅಂದರೆ ಸಿ ಫೈಲ್ ಓದಲಿಕ್ಕೇ ಆಗುವುದಿಲ್ಲ.

ಹಾಗಾದರೆ ಸರಿಯಾದ ದಾರಿ ಯಾವುದು? ಇನ್ನೊಂದು, ಯಾವುದಾದರೂ ಸಾಲು ಬಿಟ್ಟುಹೋಗಿದ್ದರೆ ಅದನ್ನು ಕಂಪೈಲರ್ ಹೇಳಬೇಕಲ್ವಾ, ಅದನ್ನು ಎಲ್ಲಿಂದ ಶುರು ಮಾಡುವುದು?

ಕಾಳಿಸೇತುವೆ_ಕಾರವಾರ:

ನೀವು ಮುಕ್ಕಾಲು ದಾರಿ ಬಂದಿದ್ದೀರಿ. ಉಳಿದಿರುವುದು ಒಂದೇ ತಿರುವು. ನೀವು ಬರೆದ ಆ ಐದು ಸಾಲನ್ನು ಒಂದು ಕೋಷ್ಟಕ ಅಂತ ನೋಡಿ. ಪ್ರೋಗ್ರಾಮ್‌ನ ಅರ್ಥ ಇರುವುದು ಸಾಲುಗಳಲ್ಲಿ: ಮೇಲಿನಿಂದ ಮೊದಲು ಹೊಂದಿದ ಸಾಲೇ ಗೆಲ್ಲಬೇಕು. ಆದರೆ ಕಂಪೈಲರ್ ಕೆಲಸ ಮಾಡಬೇಕಾದದ್ದು ಕಾಲಂಗಳಲ್ಲಿ. ಒಂದು ಕಾಲಂ ಆರಿಸು, ಅದರ ಮೇಲೆ ಒಂದು ಸ್ವಿಚ್ ಹಾಕು, ಪ್ರತಿ ಕವಲಿಗೂ ಒಂದು ಚಿಕ್ಕ ಕೋಷ್ಟಕ ಉಳಿಯುತ್ತದೆ, ಅದಕ್ಕೂ ಇದೇ ಕೆಲಸ ಮತ್ತೆ ಮಾಡು. ಅಷ್ಟೇ.

ನಿಲ್ಲುವುದು ಎರಡೇ ಕಡೆ. ಕೋಷ್ಟಕದಲ್ಲಿ ಸಾಲೇ ಉಳಿದಿಲ್ಲ ಅಂದರೆ ಮ್ಯಾಚ್ ಸೋತಿದೆ. ಮೊದಲ ಸಾಲಿನಲ್ಲಿ ಬರೀ _ ಅಥವಾ ವೇರಿಯಬಲ್‌ಗಳೇ ಇವೆ ಅಂದರೆ ಆ ಸಾಲು ಗೆದ್ದಿದೆ, ಕೆಳಗಿನ ಸಾಲುಗಳನ್ನು ನೋಡುವುದೇ ಬೇಡ.

ಈಗ ನಿಮ್ಮ ಕೋಷ್ಟಕವನ್ನೇ ತೆಗೆದುಕೊಳ್ಳಿ. ನೀವು ‘ಬಗೆ’ ಕಾಲಂನಿಂದ ಶುರು ಮಾಡಿದ್ದೇ ತೊಂದರೆ. ಆ ಕಾಲಂನಲ್ಲಿ 1 ಮತ್ತು 4ನೇ ಸಾಲಿಗೆ _ ಇದೆ. _ ಇರುವ ಸಾಲು ಎಲ್ಲ ಕವಲಿಗೂ ಹೋಗಲೇಬೇಕು, ಅದಕ್ಕೇ ಮೂರು ಮೂರು ನಕಲು. ಬದಲಿಗೆ ಮೊದಲ ಸಾಲನ್ನು ನೋಡಿ. ಆ ಸಾಲಿಗೆ ಬೇಕಾಗಿರುವುದು ತೇವ ಒಂದೇ. ಹಾಗಾಗಿ ತೇವದಿಂದ ಶುರು ಮಾಡಿ.

ಹಸಿ ಅನ್ನುವ ಕವಲಿನಲ್ಲಿ 1 ಮತ್ತು 4ನೇ ಸಾಲು ಉಳಿಯುತ್ತವೆ. ಮೊದಲನೆಯದರಲ್ಲಿ ಈಗ ಬರೀ _. ಗೆದ್ದಿತು, ‘ಅಂಗಳಕ್ಕೆ’, ಮುಗಿಯಿತು. ಒಣ ಅನ್ನುವ ಕವಲಿನಲ್ಲಿ ಉಳಿಯುವುದು ಹೀಗೆ:

(ಬಗೆ, ಅಳತೆ)
2: (ರಾಶಿ, ತುಂಬು)
3: (ಚಾಲಿ, ತುಂಬು)
4: (_, ಅರೆ(ಕಿಲೋ))
5: (ಗೋಟು, ತುಂಬು)

ಇಲ್ಲಿ ಅಳತೆ ಕಾಲಂ ನೋಡಿ. ಒಂದೂ _ ಇಲ್ಲ. ಅದನ್ನು ಆರಿಸಿದರೆ ಯಾವ ಸಾಲೂ ನಕಲಾಗುವುದಿಲ್ಲ. ಅರೆ ಕವಲಿಗೆ 4ನೇ ಸಾಲು ಮಾತ್ರ ಹೋಗುತ್ತದೆ, ಅಲ್ಲಿಗೆ ಮುಗಿಯಿತು. ತುಂಬು ಕವಲಿಗೆ 2, 3, 5. ಅಲ್ಲಿ ಬಗೆ ಮೇಲೆ ಒಂದು ಸ್ವಿಚ್. ಒಟ್ಟು ಲೆಕ್ಕ ಹಾಕಿ: ಸ್ವಿಚ್ 3, ಎಲೆ (ಉತ್ತರ ಇರುವ ತುದಿ) 5. ನೀವು ಮಾಡಿದ್ದರಲ್ಲಿ ಸ್ವಿಚ್ 7, ಎಲೆ 9 ಇತ್ತು. ಚಾಲಿ, ಒಣ, ಅರೆ ಮೂಟೆಗೆ ನಿಮ್ಮ ಇಫ್-ಎಲ್ಸ್‌ನಲ್ಲಿ 6 ಪರೀಕ್ಷೆ, ಇಲ್ಲಿ 2.

ಮನೆಯಲ್ಲಿ ಅಡಿಕೆ ಆರಿಸುವವರನ್ನು ನೆನಪು ಮಾಡಿಕೊಳ್ಳಿ. ಮೂಟೆ ಬಿಚ್ಚಿದ ತಕ್ಷಣ ಕೈ ಒಳಗೆ ಹಾಕಿ ತೇವ ಇದೆಯಾ ಅಂತ ನೋಡುತ್ತಾರೆ. ಹಸಿ ಇದ್ದರೆ ಅದು ರಾಶಿಯೋ ಚಾಲಿಯೋ ಅಂತ ನೋಡುವ ಗೋಜಿಗೇ ಹೋಗುವುದಿಲ್ಲ, ಸೀದಾ ಅಂಗಳಕ್ಕೆ.

ಒಳಗೊಳಗೆ ಗೂಡು ಕಟ್ಟಿದ ಪ್ಯಾಟರ್ನ್‌ಗೆ ಹೆದರಬೇಡಿ, ಅದಕ್ಕೂ ಇದೇ ದಾರಿ. ಅರೆ ಅನ್ನುವ ಕನ್‌ಸ್ಟ್ರಕ್ಟರ್ (ರಾಶಿ, ಒಣ, ತುಂಬು ಥರ ಒಂದು ಟೈಪಿನ ಬೆಲೆಗೆ ಇಟ್ಟ ಹೆಸರು) ಒಳಗೆ ಒಂದು ಸಂಖ್ಯೆ ಇದೆಯಲ್ಲ, ಅರೆ ಕವಲಿಗೆ ಇಳಿದಾಗ ‘ಅಳತೆ’ ಕಾಲಂ ಹೋಗಿ ಅದರ ಜಾಗದಲ್ಲಿ ‘ಕಿಲೋ’ ಅನ್ನುವ ಹೊಸ ಕಾಲಂ ಬರುತ್ತದೆ. ತುಂಬು ಒಳಗೆ ಏನೂ ಇಲ್ಲ, ಹಾಗಾಗಿ ಆ ಕವಲಿನಲ್ಲಿ ಕಾಲಂ ಸುಮ್ನೆ ಮಾಯ. ಮರದ ಗೆಣ್ಣಿನಲ್ಲಿ ಬಣ್ಣ, ಎಡ, ಬೆಲೆ, ಬಲ ಅಂತ ನಾಲ್ಕು ಇದ್ದರೆ ಒಂದು ಕಾಲಂ ಹೋಗಿ ನಾಲ್ಕು ಬರುತ್ತವೆ. ಆ ಕಾಲಂನಲ್ಲಿ _ ಇದ್ದ ಸಾಲಿಗೆ ನಾಲ್ಕು _ ಬರೆಯಿರಿ. ಕೋಷ್ಟಕ ಅಗಲ ಆಗಬಹುದು, ಆದರೆ ಒಂದು ಹಂತ ಆಳ ಇಳಿದಿರುತ್ತೀರಿ, ಹಾಗಾಗಿ ಎಲ್ಲೋ ಒಂದು ಕಡೆ ನಿಂತೇ ನಿಲ್ಲುತ್ತದೆ.

ಈ ವಿಷಯ ಹೊಸದೇನಲ್ಲ. ಲೆನ್ನಾರ್ಟ್ ಆಗಸ್ಟ್‌ಸನ್ 1985ರಲ್ಲಿ ಲೇಜಿ ಎಂಎಲ್ ಅನ್ನುವ ಭಾಷೆಯ ಕಂಪೈಲರ್‌ಗಾಗಿ ಇದನ್ನು ಬರೆದರು. 1987ರಲ್ಲಿ ಬಂದ ಸೈಮನ್ ಪೇಟನ್ ಜೋನ್ಸ್ ಪುಸ್ತಕದಲ್ಲಿ ಫಿಲಿಪ್ ವಾಡ್ಲರ್ ಇದಕ್ಕೇ ಒಂದು ಇಡೀ ಅಧ್ಯಾಯ ಬರೆದಿದ್ದಾರೆ. ಇನ್ನು ಎಲ್ಲಕ್ಕಿಂತ ಚಿಕ್ಕ ಮರ ಯಾವುದು ಅಂತ ಹುಡುಕಲು ಹೋಗಬೇಡಿ. ಅದು ಎನ್‌ಪಿ-ಕಂಪ್ಲೀಟ್ ಸಮಸ್ಯೆ (ಬೇಗ ಬಿಡಿಸುವ ದಾರಿ ಯಾರಿಗೂ ಗೊತ್ತಿಲ್ಲದ ಬಗೆಯದು) ಅಂತ ಮರಿಯಾನ್ ಬೋಡಿನೆ ಮತ್ತು ಡೇವಿಡ್ ಮ್ಯಾಕ್‌ಕ್ವೀನ್ 1985ರಲ್ಲೇ ತೋರಿಸಿದ್ದಾರೆ. ಹಾಗಾಗಿ ಎಲ್ಲರೂ ಒಂದು ಅಂದಾಜಿನ ನಿಯಮ ಇಟ್ಟುಕೊಂಡು ಕಾಲಂ ಆರಿಸುತ್ತಾರೆ.

ಶರಾವತಿ_ದಡ:

ಕಾರವಾರದವರು ಹೇಳಿದ್ದು ಸರಿ, ನಾನೂ ಹಾಗೇ ಮಾಡುತ್ತೇನೆ. ಆದರೆ ಇದನ್ನು ಓದಿ ‘ಒಳ್ಳೆ ಕಾಲಂ ಆರಿಸಿದರೆ ನಕಲು ಆಗುವುದೇ ಇಲ್ಲ’ ಅಂತ ತಿಳಿದುಕೊಳ್ಳಬೇಡಿ. ಈ ಉದಾಹರಣೆ ಅನುಕೂಲಕ್ಕೆ ಸಿಕ್ಕಿದೆ. ಎಲ್ಲ ಕಾಲಂನಲ್ಲೂ ಎಲ್ಲೋ ಒಂದು _ ಇರುವ ಕೋಷ್ಟಕ ಬೇಕಾದಷ್ಟಿವೆ, ನಿಮ್ಮ ಕೆಂಪು-ಕಪ್ಪು ಮರವೇ ಅಂಥದ್ದು. ಕೆಟ್ಟ ಕೋಷ್ಟಕ ಸಿಕ್ಕರೆ ಮರ ಘಾತಾಂಕದ ಲೆಕ್ಕದಲ್ಲಿ ಬೆಳೆಯುತ್ತದೆ.

ಹಾಗಾಗಿ ಇನ್ನೊಂದು ಪಂಥ ಇದೆ, ಬ್ಯಾಕ್‌ಟ್ರ್ಯಾಕಿಂಗ್. ನೀವು ಬಳಸುತ್ತಿರುವ ಒಕ್ಯಾಮಲ್ ಕಂಪೈಲರ್ ಕೂಡ ಇದೇ ಪಂಥದ್ದು. ಇಲ್ಲಿ ಯಾವ ಸಾಲನ್ನೂ ನಕಲು ಮಾಡುವುದಿಲ್ಲ. ಬದಲಿಗೆ ಕೋಷ್ಟಕವನ್ನು ಅಡ್ಡಡ್ಡ ಕತ್ತರಿಸುತ್ತಾರೆ. ನಿಮ್ಮದರಲ್ಲಿ ಮೊದಲ ಕಾಲಂ ನೋಡಿ: 1ರಲ್ಲಿ _, 2-3ರಲ್ಲಿ ಕನ್‌ಸ್ಟ್ರಕ್ಟರ್, 4ರಲ್ಲಿ _, 5ರಲ್ಲಿ ಮತ್ತೆ ಕನ್‌ಸ್ಟ್ರಕ್ಟರ್. ನಾಲ್ಕು ತುಂಡು. ಮೊದಲ ತುಂಡು ಸೋತರೆ ಎರಡನೆಯದಕ್ಕೆ ಹಾರು, ಅದು ಸೋತರೆ ಮೂರನೆಯದಕ್ಕೆ. ಪ್ರತಿ ಉತ್ತರದ ಕೋಡ್ ಒಂದೇ ಸಲ ಇರುತ್ತದೆ, ಕೋಡಿನ ಗಾತ್ರ ಕೈಮೀರುವುದಿಲ್ಲ. ಆದರೆ ಒಮ್ಮೆ ಕೇಳಿದ್ದನ್ನೇ ಮತ್ತೆ ಕೇಳಬೇಕಾಗುತ್ತದೆ. ಗೋಟು, ಒಣ, ತುಂಬು ಮೂಟೆಗೆ ಎಣಿಸಿ ನೋಡಿ, 6 ಪರೀಕ್ಷೆ.

ಇದನ್ನು ಚೊಕ್ಕ ಮಾಡುವುದು ಹೇಗೆ ಅಂತ ಫ್ಯಾಬ್ರಿಸ್ ಲ ಫೆಸಾಂ ಮತ್ತು ಲ್ಯೂಕ್ ಮರಾಂಜೆ 2001ರಲ್ಲಿ ಬರೆದರು. ಅದರಲ್ಲಿ ನನಗೆ ತುಂಬ ಹಿಡಿಸಿದ ಒಂದು ವಿಷಯ ಇದೆ. ನಿಮ್ಮ 4ನೇ ಸಾಲು ಅರೆ ಕೇಳುತ್ತದೆ, 5ನೇ ಸಾಲು ತುಂಬು ಕೇಳುತ್ತದೆ. ಎರಡಕ್ಕೂ ಹೊಂದುವ ಮೂಟೆ ಲೋಕದಲ್ಲೇ ಇಲ್ಲ. ಅಂದಮೇಲೆ ಅವೆರಡರ ಜಾಗ ಅದಲು ಬದಲು ಮಾಡಿದರೆ ಪ್ರೋಗ್ರಾಮ್‌ನ ಅರ್ಥ ಒಂದಿಷ್ಟೂ ಬದಲಾಗುವುದಿಲ್ಲ. 5ನ್ನು 4ರ ಮೇಲೆ ತಂದರೆ 2, 3, 5 ಮೂರೂ ಒಟ್ಟಿಗೆ ಸೇರಿ ಒಂದೇ ತುಂಡಾಗುತ್ತವೆ, ನಾಲ್ಕು ತುಂಡು ಇದ್ದದ್ದು ಮೂರಾಯಿತು. ಅದಲ್ಲದೆ ಮೊದಲ ತುಂಡು ಸೋತಾಗಲೇ ತೇವ ಒಣ ಅಂತ ಗೊತ್ತಾಗಿರುತ್ತದಲ್ಲ, ಆ ತಿಳಿವಳಿಕೆಯನ್ನು ಮುಂದಿನ ತುಂಡಿಗೆ ಹೊತ್ತುಕೊಂಡು ಹೋದರೆ ಅಲ್ಲಿ ಮತ್ತೆ ತೇವ ಕೇಳಬೇಕಾಗಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ನನ್ನ ಸಲಹೆ ಡಿಸಿಷನ್ ಟ್ರೀಯೇ. ಬರೆಯಲಿಕ್ಕೆ ಸುಲಭ, ತಪ್ಪು ಹುಡುಕಲಿಕ್ಕೂ ಸುಲಭ. ಗಾತ್ರಕ್ಕೆ ಎರಡು ಮದ್ದು ಮಾಡಿ ಸಾಕು. ಮೊದಲನೆಯದು, ಬಾಣದ ಬಲಗಡೆಯ ಕೋಡನ್ನು ಎಲೆಯಲ್ಲಿ ಬರೆಯಲೇಬೇಡಿ. ಪ್ರತಿ ಸಾಲಿಗೂ ಸಿ ಕೋಡಿನಲ್ಲಿ ಒಂದು ಲೇಬಲ್ ಇಟ್ಟು ಅಲ್ಲಿ ಒಂದೇ ಸಲ ಬರೆಯಿರಿ, ಎಲೆಯಲ್ಲಿ ಗೋಟು ಅಷ್ಟೇ ಇರಲಿ. (ಸಿ ಭಾಷೆಯ ಗೋಟು, ಅಂದರೆ ಆ ಲೇಬಲ್‌ಗೆ ಹಾರು ಅನ್ನುವ ಆಜ್ಞೆ, ನಿಮ್ಮ ಅಡಿಕೆ ಗೋಟು ಅಲ್ಲ.) ಹಾರುವ ಮೊದಲು ಕಿಲೋ ಥರದ ವೇರಿಯಬಲ್‌ಗೆ ಬೆಲೆ ತುಂಬಿಸುವುದನ್ನು ಮರೆಯಬೇಡಿ, ನಾನು ಮರೆತು ಎರಡು ದಿನ ಹುಡುಕಿದ್ದೇನೆ. ಎರಡನೆಯದು, ಒಂದೇ ಥರದ ಉಪಮರ ಎರಡು ಸಲ ಬಂದರೆ ಹ್ಯಾಶ್ ಟೇಬಲ್ ಇಟ್ಟು ಒಂದನ್ನೇ ಇಬ್ಬರಿಗೂ ಹಂಚಿ. ಆಗ ಅದು ಮರ ಹೋಗಿ ಗ್ರಾಫ್ ಆಗುತ್ತದೆ, ನಿಮ್ಮ ಕೆಂಪು-ಕಪ್ಪು ಮರದ ಐದನೇ ಸಾಲಿನ ಕಾಟ ಅಲ್ಲಿಗೆ ಮುಗಿಯುತ್ತದೆ.

ಇದೇ ಮರಾಂಜೆ 2008ರಲ್ಲಿ ಡಿಸಿಷನ್ ಟ್ರೀ ಬಗ್ಗೆ ಬರೆದರು. ಕಾಲಂ ಆರಿಸುವ ನಿಯಮ ಒಳ್ಳೆಯದಿದ್ದು, ಹೀಗೆ ಹಂಚಿಕೊಂಡರೆ ಬ್ಯಾಕ್‌ಟ್ರ್ಯಾಕಿಂಗ್‌ಗೆ ಸರಿಸಮ ನಿಲ್ಲುತ್ತದೆ ಅನ್ನುವುದು ಅವರ ಮಾತು. ಅವರ ನಿಯಮದ ತಿರುಳು ‘ಬೇಕೇ ಬೇಕಾದ ಕಾಲಂ’. ಅಂದರೆ ಆ ಸಾಲಿಗೆ ತಲುಪಬೇಕಾದರೆ ಯಾವ ದಾರಿಯಲ್ಲಿ ಹೋದರೂ ನೋಡಲೇಬೇಕಾದ ಕಾಲಂ. ಹೆಚ್ಚು ಸಾಲಿಗೆ ಬೇಕೇ ಬೇಕಾದದ್ದು ಯಾವುದೋ ಅದನ್ನು ಆರಿಸಿ, ಸಮ ಬಂದರೆ ಕವಲು ಕಡಿಮೆ ಇರುವುದನ್ನು ಆರಿಸಿ. ಹಾಗಂತ ಇದರ ಮೇಲೆ ತಿಂಗಳುಗಟ್ಟಲೆ ಕೂರಬೇಡಿ. ಕೆವಿನ್ ಸ್ಕಾಟ್ ಮತ್ತು ನಾರ್ಮನ್ ರ್ಯಾಮ್ಸೆ 2000ರಲ್ಲಿ ಬೇರೆ ಬೇರೆ ನಿಯಮ ಹಾಕಿ ಅಳೆದು ನೋಡಿದಾಗ ಜನ ದಿನನಿತ್ಯ ಬರೆಯುವ ಬಹುತೇಕ ಪ್ರೋಗ್ರಾಮ್‌ಗಳಿಗೆ ಯಾವ ನಿಯಮ ಆದರೂ ಹೆಚ್ಚು ವ್ಯತ್ಯಾಸ ಕಾಣಲಿಲ್ಲ.

ತೋಟದಂಚು_ಶಿರಸಿ:

ಇಬ್ಬರಿಗೂ ತುಂಬ ಥ್ಯಾಂಕ್ಸ್. ನಿನ್ನೆ ರಾತ್ರಿ ಕೂತು ಬರೆದೆ. ಅಡಿಕೆ ಉದಾಹರಣೆಗೆ ಸರಿಯಾಗಿ 3 ಸ್ವಿಚ್ ಬಂತು. ಮೂಟೆಗೆ ಕೈ ಹಾಕಿ ನೋಡುವ ಮಾತು ಓದಿ ಬೆಳಿಗ್ಗೆ ಆಯಿಯನ್ನು ಕೇಳಿದೆ. ‘ಹಸಿ ಇದ್ದದ್ದನ್ನ ಆರಿಸಿ ಏನು ಮಾಡ್ತೆ, ಬೂಸಲು ಬಂದ್ರೆ ಎಲ್ಲ ಒಂದೇ’ ಅಂದಳು. ನನಗೆ ಇಷ್ಟು ದಿನ ಕಣ್ಣಿಗೆ ಕಾಣದಿದ್ದದ್ದು ಅದೇ, ಎಡಗಡೆ ಬರೆದಿದ್ದೇನೆ ಅಂತ ಮಾತ್ರಕ್ಕೆ ಬಗೆಯನ್ನು ಮೊದಲು ಕೇಳುತ್ತಿದ್ದೆ.

ಈಗ ಒಂದು ಸಂಶಯ. ಮುಂದೆ ನನ್ನ ಭಾಷೆಯನ್ನು ಹ್ಯಾಸ್ಕೆಲ್ ಭಾಷೆಯ ಥರ ಲೇಜಿ (ಬೇಕಾದಾಗ ಮಾತ್ರ ಬೆಲೆ ಲೆಕ್ಕ ಮಾಡುವಂಥದ್ದು) ಮಾಡುವ ಆಸೆ ಇದೆ. ಆಗಲೂ ಹೀಗೆ ಬೇಕಾದ ಕಾಲಂ ಆರಿಸಬಹುದಾ? ಸಾಲು ಬಿಟ್ಟುಹೋದದ್ದನ್ನು ಹೇಳುವ ಪ್ರಶ್ನೆಯೂ ಹಾಗೇ ಉಳಿದಿದೆ.

ಘಟ್ಟದಮೇಲೆ_ಸಿದ್ದಾಪುರ:

ಲೇಜಿ ಪ್ರಶ್ನೆಗೆ ನಾನು ಹೇಳುತ್ತೇನೆ. ಸ್ಟ್ರಿಕ್ಟ್ ಭಾಷೆಯಲ್ಲಿ ಮ್ಯಾಚ್‌ಗೆ ಬರುವ ಹೊತ್ತಿಗೆ ಮೂರೂ ಬೆಲೆ ಲೆಕ್ಕ ಆಗಿಯೇ ಇರುತ್ತವೆ. ಯಾವುದನ್ನು ಮೊದಲು ನೋಡಿದರೂ ಉತ್ತರ ಒಂದೇ. ಲೇಜಿ ಭಾಷೆಯಲ್ಲಿ ಹಾಗಲ್ಲ. ಒಂದು ಕಾಲಂ ನೋಡುವುದು ಅಂದರೆ ಆ ಬೆಲೆಯನ್ನು ಅಲ್ಲೇ ಲೆಕ್ಕ ಮಾಡಿಸುವುದು. ಆ ಲೆಕ್ಕ ಎಂದೂ ಮುಗಿಯದೆ ಸುತ್ತುತ್ತಲೇ ಇರಬಹುದು. ಅದಕ್ಕೇ ಹ್ಯಾಸ್ಕೆಲ್ ಕ್ರಮ ಗಟ್ಟಿ ಮಾಡಿ ಇಟ್ಟಿದೆ: ಸಾಲುಗಳು ಮೇಲಿನಿಂದ ಕೆಳಗೆ, ಸಾಲಿನೊಳಗೆ ಎಡದಿಂದ ಬಲಕ್ಕೆ.

ನಿಮ್ಮ ಕೋಷ್ಟಕದಲ್ಲೇ ನೋಡಿ. ಬಗೆ ಅನ್ನುವುದು ಎಂದೂ ಮುಗಿಯದ ಲೆಕ್ಕ, ತೇವ ಒಣ, ಅಳತೆ ಅರೆ ಅಂತ ಇಟ್ಟುಕೊಳ್ಳಿ. ಹ್ಯಾಸ್ಕೆಲ್ ನಿಯಮದಂತೆ ಮೊದಲ ಸಾಲು ತೇವ ನೋಡಿ ಸೋಲುತ್ತದೆ. ಎರಡನೇ ಸಾಲು ಮೊದಲು ಬಗೆ ಕೇಳುತ್ತದೆ, ಅಲ್ಲಿಗೆ ಪ್ರೋಗ್ರಾಮ್ ಸಿಕ್ಕಿಬಿತ್ತು, ಉತ್ತರವೇ ಬರುವುದಿಲ್ಲ. ಆದರೆ ಕಾರವಾರದವರು ಕಟ್ಟಿದ ಮರ ತೇವ ನೋಡಿ, ಅಳತೆ ನೋಡಿ, ‘ಕೂಡಿಸು’ ಅಂತ ಉತ್ತರ ಕೊಟ್ಟುಬಿಡುತ್ತದೆ. ಉತ್ತರ ಸಿಕ್ಕಿತಲ್ಲ, ಒಳ್ಳೆಯದೇ ಆಯಿತು ಅನ್ನಿಸಬಹುದು. ಆದರೆ ಭಾಷೆಯ ನಿಯಮ ಒಂದು ಹೇಳಿ ಕಂಪೈಲರ್ ಇನ್ನೊಂದು ಮಾಡಿದರೆ ಬರೆಯುವವನು ಯಾವುದನ್ನು ನಂಬಬೇಕು? ಒಂದು ನೀವು ಭಾಷೆಯ ನಿಯಮವನ್ನೇ ಬೇರೆ ಥರ ಬರೆದಿಡಬೇಕು, ಇಲ್ಲವಾದರೆ ಹ್ಯಾಸ್ಕೆಲ್ ಕ್ರಮ ಹಿಡಿಯಬೇಕು.

ಇಲ್ಲಿ ಇನ್ನೊಂದನ್ನೂ ಗಮನಿಸಿ. ತೊಂದರೆ ಇರುವುದು ಬಗೆ ಮುಗಿಯದಿದ್ದಾಗ ಮಾತ್ರ. ಅಳತೆ ಮುಗಿಯದ ಲೆಕ್ಕ ಆಗಿದ್ದರೆ ಎರಡೂ ದಾರಿಯಲ್ಲಿ ಒಂದೇ ಫಲ. ಯಾಕಂದರೆ ತೇವ ಒಣ ಆದಮೇಲೆ ಬಗೆ ಯಾವುದೇ ಆಗಿರಲಿ, ಅಳತೆ ನೋಡದೆ ಯಾವ ಉತ್ತರಕ್ಕೂ ತಲುಪಲು ಆಗುವುದಿಲ್ಲ. ಶರಾವತಿ ದಡದವರು ‘ಬೇಕೇ ಬೇಕಾದ ಕಾಲಂ’ ಅಂದರಲ್ಲ, ಅದು ಇದೇ. ಬೇಕೇ ಬೇಕಾದದ್ದನ್ನು ಮೊದಲೇ ಲೆಕ್ಕ ಮಾಡಿಸಿದರೆ ಹೊಸದಾಗಿ ಸಿಕ್ಕಿಬೀಳುವ ಭಯ ಇಲ್ಲ. ಯಾರಿಗೂ ಬೇಡದ ಕಾಲಂ ಮೊದಲು ನೋಡಿದರೆ ಮಾತ್ರ ಕೆಲಸ ಕೆಟ್ಟಿತು. ಉದಾಹರಣೆಗೆ ಹಸಿ ಮೂಟೆಗೆ ಬಗೆ ಕೇಳುವುದು: ಬರಬೇಕಾಗಿದ್ದ ಉತ್ತರವೂ ಬರುವುದಿಲ್ಲ. ನಿಮ್ಮ ಮೊದಲ ಮರ ಅದನ್ನೇ ಮಾಡುತ್ತಿತ್ತು, ಸ್ಟ್ರಿಕ್ಟ್ ಆದ ಕಾರಣ ನಿಮಗೆ ಗೊತ್ತಾಗಲಿಲ್ಲ.

ಕುಮಟೆಯ_ಅಕ್ಕ:

ಬಿಟ್ಟುಹೋದ ಸಾಲಿನ ಬಗ್ಗೆ ನಾನು ಬರೆಯಲೇಬೇಕು, ಯಾಕಂದರೆ ಇದರಿಂದ ನಾನು ಪೆಟ್ಟು ತಿಂದಿದ್ದೇನೆ.

ಹಿಂದೆ ನಾನು ಕೆಲಸ ಮಾಡುತ್ತಿದ್ದ ಒಂದು ಕಡೆ ಮೀನು ವ್ಯಾಪಾರದ ಬಿಲ್ಲಿಂಗ್ ಸಾಫ್ಟ್‌ವೇರ್ ಇತ್ತು. ಬಂಗಡೆಗೆ ಒಂದು ದರ, ತಾರ್ಲೆಗೆ ಒಂದು, ಕೊನೆಯ ಸಾಲಿನಲ್ಲಿ _ ಹಾಕಿ ‘ಸಾಮಾನ್ಯ ದರ’. ಆ ಕೊನೆಯ ಸಾಲು ಬರೆದವಳು ನಾನೇ. ಆಮೇಲೆ ಯಾರೋ ಸಿಗಡಿಯನ್ನು ಹೊಸ ಕನ್‌ಸ್ಟ್ರಕ್ಟರ್ ಆಗಿ ಸೇರಿಸಿದರು. ಕಂಪೈಲರ್ ಒಂದು ಮಾತೂ ಹೇಳಲಿಲ್ಲ, ಹೇಳುವುದಾದರೂ ಹೇಗೆ, _ ಎಲ್ಲವನ್ನೂ ನುಂಗುತ್ತದಲ್ಲ. ಎರಡು ತಿಂಗಳು ಸಿಗಡಿಗೆಲ್ಲ ಸಾಮಾನ್ಯ ದರದಲ್ಲೇ ಬಿಲ್ ಹೋಯಿತು. ಲೆಕ್ಕ ತಾಳೆ ನೋಡುವಾಗ ಗೊತ್ತಾಯಿತು. ಅಂದಿನಿಂದ ನಾನೇ ಬರೆದ ಟೈಪ್ ಆದರೆ ಕೊನೆಯಲ್ಲಿ _ ಹಾಕುವುದಿಲ್ಲ, ಸಾಲು ಜಾಸ್ತಿ ಆದರೂ ಎಲ್ಲ ಹೆಸರನ್ನೂ ಬರೆಯುತ್ತೇನೆ. ತಮ್ಮಾ, ಭಾಷೆ ಕಟ್ಟುತ್ತಿರುವವನು ನೀನು, ಈ ಎಚ್ಚರಿಕೆಯನ್ನು ದಯವಿಟ್ಟು ಆಮೇಲೆ ಮಾಡೋಣ ಅಂತ ಬಿಡಬೇಡ.

ಮಾಡುವುದು ಹೇಗೆ ಅಂದರೆ, ಮುಕ್ಕಾಲು ಕೆಲಸ ನಿನ್ನ ಕೈಯಲ್ಲೇ ಇದೆ. ನಿನ್ನ 5ನೇ ಸಾಲು ಅಳಿಸಿ ಮರ ಕಟ್ಟಿ ನೋಡು. ಒಣ, ಆಮೇಲೆ ತುಂಬು, ಆಮೇಲೆ ಗೋಟು ಅಂತ ಇಳಿದಾಗ ಖಾಲಿ ಕೋಷ್ಟಕ ಸಿಗುತ್ತದೆ. ಖಾಲಿ ಕೋಷ್ಟಕ ಸಿಕ್ಕಿತು ಅಂದರೆ ಏನೋ ಬಿಟ್ಟುಹೋಗಿದೆ ಅಂತ. ಅಲ್ಲಿಗೆ ಬಂದ ದಾರಿಯನ್ನೇ ವಾಪಸ್ ಓದಿದರೆ (ಗೋಟು, ಒಣ, ತುಂಬು) ಅಂತ ಉದಾಹರಣೆಯೂ ಸಿಕ್ಕಿತು. ಬರೀ ‘ಮ್ಯಾಚ್ ಪೂರ್ತಿ ಇಲ್ಲ’ ಅನ್ನಬೇಡ, ಆ ಉದಾಹರಣೆಯನ್ನು ತೋರಿಸು. ಬರೆಯುವವರಿಗೆ ಬೇಕಾಗಿರುವುದು ಅದು.

ಯಾರಿಗೂ ಸಿಗದ ಸಾಲನ್ನೂ ಹೀಗೇ ಹಿಡಿಯಬಹುದು. ಕೊನೆಯಲ್ಲಿ 6ನೇ ಸಾಲು ಅಂತ (ಚಾಲಿ, ಒಣ, _) ಬರೆ. ಮರ ಕಟ್ಟಿದ ಮೇಲೆ ಯಾವ ಎಲೆಯಲ್ಲೂ 6 ಕಾಣುವುದಿಲ್ಲ. ಗಮನಿಸು, ಮೇಲಿನ ಯಾವ ಒಂದು ಸಾಲೂ ಅದನ್ನು ಪೂರ್ತಿ ಮುಚ್ಚಿಲ್ಲ. ತುಂಬು ಭಾಗವನ್ನು 3 ಮುಚ್ಚಿದೆ, ಅರೆ ಭಾಗವನ್ನು 4 ಮುಚ್ಚಿದೆ, ಇಬ್ಬರೂ ಸೇರಿ ಮುಚ್ಚಿದ್ದಾರೆ. ಸಾಲಿಗೆ ಸಾಲು ಹೋಲಿಸಿ ನೋಡುವ ಉಪಾಯ ಇಲ್ಲಿ ನಡೆಯುವುದಿಲ್ಲ.

ಮರದ ಗೊಡವೆ ಇಲ್ಲದೆ ಬೇರೆಯಾಗಿಯೂ ಮಾಡಬಹುದು. ಮರಾಂಜೆ 2007ರಲ್ಲಿ ಎಚ್ಚರಿಕೆಗಳ ಬಗ್ಗೆಯೇ ಬರೆದಿದ್ದಾರೆ. ಅಲ್ಲಿ ಕೇಳುವುದು ಒಂದೇ ಪ್ರಶ್ನೆ: ಈ ಕೋಷ್ಟಕದ ಕೆಳಗೆ ಈ ಸಾಲು ಸೇರಿಸಿದರೆ ಅದರಿಂದ ಉಪಯೋಗ ಇದೆಯಾ? ಬರೀ _ ಇರುವ ಸಾಲು ಸೇರಿಸಿದಾಗ ಉಪಯೋಗ ಇದೆ ಅಂತ ಬಂದರೆ ಏನೋ ಬಿಟ್ಟುಹೋಗಿದೆ. ಬರೆದ ಸಾಲಿಗೇ ಉಪಯೋಗ ಇಲ್ಲ ಅಂತ ಬಂದರೆ ಅದು ದಂಡ. ರಸ್ಟ್ ಕಂಪೈಲರ್‌ನಲ್ಲಿ ಇರುವುದೂ ಇದೇ ಮೂಲದ ಲೆಕ್ಕ. ಕೆಟ್ಟ ಕೋಷ್ಟಕಕ್ಕೆ ಇದೂ ಘಾತಾಂಕದ ಹೊತ್ತು ತಿನ್ನಬಹುದು, ಆದರೆ ಜನ ಕೈಯಲ್ಲಿ ಬರೆಯುವ ಕೋಷ್ಟಕಗಳಿಗೆ ನನಗೆ ಎಂದೂ ತೊಂದರೆ ಆಗಿಲ್ಲ. ಸಂಖ್ಯೆ, ಸ್ಟ್ರಿಂಗ್ ಮೇಲೆ ಮ್ಯಾಚ್ ಮಾಡುವಾಗ ಎಲ್ಲ ಬೆಲೆ ಬರೆದು ಮುಗಿಸಲು ಆಗುವುದಿಲ್ಲ, ಅಲ್ಲಿ ಮಾತ್ರ _ ಬೇಕೇ ಬೇಕು.

ತೋಟದಂಚು_ಶಿರಸಿ:

ಅಕ್ಕಾ, 5ನೇ ಸಾಲು ಅಳಿಸಿ ನೋಡಿದೆ. ‘ಬಿಟ್ಟುಹೋದ ಉದಾಹರಣೆ: (ಗೋಟು, ಒಣ, ತುಂಬು)’ ಅಂತ ಬಂತು! 6ನೇ ಸಾಲಿಗೂ ‘ಈ ಸಾಲಿಗೆ ಯಾವುದೂ ತಲುಪುವುದಿಲ್ಲ’ ಅಂತ ಹೇಳಿತು. ಲೇಬಲ್ ಹಾಕಿದ ಮೇಲೆ ಕೆಂಪು-ಕಪ್ಪು ಮರದ ಐದನೇ ಸಾಲಿನ ಕೋಡ್ ಒಂದೇ ಕಡೆ ಇದೆ. ಸದ್ಯಕ್ಕೆ ಭಾಷೆಯನ್ನು ಸ್ಟ್ರಿಕ್ಟ್ ಆಗಿಯೇ ಇಡುತ್ತೇನೆ.

ಕೊನೆಯದಾಗಿ ಒಂದು. ಸಾಲಿಗೆ ಷರತ್ತು ಹಾಕಿದರೆ? ‘ಅರೆ(ಕಿಲೋ), ಕಿಲೋ 10ಕ್ಕಿಂತ ಕಡಿಮೆ ಇದ್ದಾಗ’ ಅಂತ.

ಕಾಳಿಸೇತುವೆ_ಕಾರವಾರ:

ಷರತ್ತು ಇರುವ ಸಾಲು ಮೇಲೆ ಬಂದು ಅದರಲ್ಲಿ ಬರೀ _ ಉಳಿದಾಗ ಅಲ್ಲಿಗೆ ನಿಲ್ಲಿಸಬೇಡಿ. ಒಂದು ಇಫ್ ಹಾಕಿ. ಷರತ್ತು ನಿಜವಾದರೆ ಆ ಸಾಲಿನ ಲೇಬಲ್‌ಗೆ ಹಾರಿ, ಸುಳ್ಳಾದರೆ ಅದೇ ಕೋಷ್ಟಕದಿಂದ ಆ ಒಂದು ಸಾಲು ತೆಗೆದು ಉಳಿದದ್ದನ್ನು ಮೊದಲಿನ ಹಾಗೇ ಕಂಪೈಲ್ ಮಾಡಿ. ಆಗಲೇ ನೋಡಿದ ಕಾಲಂಗಳನ್ನು ಮತ್ತೆ ನೋಡಬೇಕಾಗಿಲ್ಲ, ಅವು ಕೋಷ್ಟಕದಿಂದ ಹೋಗಿಯೇ ಇರುತ್ತವೆ. ಎಚ್ಚರಿಕೆಯ ಲೆಕ್ಕದಲ್ಲಿ ಮಾತ್ರ ಷರತ್ತಿನ ಸಾಲು ಏನನ್ನೂ ಮುಚ್ಚಿಲ್ಲ ಅಂತಲೇ ಇಟ್ಟುಕೊಳ್ಳಿ, ಷರತ್ತು ಯಾವಾಗ ನಿಜ ಆಗುತ್ತದೆ ಅಂತ ಕಂಪೈಲರ್‌ಗೆ ಗೊತ್ತಾಗುವುದಿಲ್ಲ. 10ಕ್ಕಿಂತ ಕಡಿಮೆ ಅಂತ ಒಂದು ಸಾಲು, 10 ಅಥವಾ ಜಾಸ್ತಿ ಅಂತ ಇನ್ನೊಂದು ಸಾಲು ಬರೆದರೂ ‘ಬಿಟ್ಟುಹೋಗಿದೆ’ ಅಂತ ಎಚ್ಚರಿಕೆ ಬರುತ್ತದೆ. ಎರಡನೇ ಸಾಲಿನ ಷರತ್ತು ತೆಗೆದುಬಿಡಿ, ಸರಿಹೋಗುತ್ತದೆ.